ಇಸ್ಪೀಟೋ ಇಂಟರ್ನ್‌ಶಿಪ್ಪೋ

ನಮ್ಮಕ್ಕ ಫೋನು ಮಾಡಿದಳೆಂದರೆ ಎರಡೇ ಕಾರಣ. ಊರಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಅವಳ ಮಗ ಏನೋ ಮಾಡಿರಬೇಕು. ಮೊನ್ನೆ ಮಾಡಿದ್ದು ಎರಡನೆಯದಕ್ಕೆ.

"ನಿನ್ನ ಅಳಿಯ ರಜೆಯಲ್ಲಿ ಕೆಲಸಕ್ಕೆ ಹೋಗಲ್ವಂತೆ ಕಣೋ. ಕೂತ್ಕೊಂಡು ಇಸ್ಪೀಟು ಆಡ್ತಾನಂತೆ. ಬಂದು ಬುದ್ಧಿ ಹೇಳು."

ಮಾರ್ಕ್ಸ್ ತೆಗೆದಾಗ ಅವಳ ಮಗ, ಇಸ್ಪೀಟು ಹಿಡಿದಾಗ ನನ್ನ ಅಳಿಯ. ಇರಲಿ. ಹಾಸನಕ್ಕೆ ಬಸ್ಸು ಹತ್ತಿದೆ.

ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನಾನು ಚಪ್ಪಲಿ ಬಿಡುವಷ್ಟರಲ್ಲೇ ತಿದ್ದಿದ.

"ಮಾವ, ಅದು ಇಸ್ಪೀಟಲ್ಲ. ಪೋಕರ್."

"ಎಲೆ 52 ತಾನೆ?"

"ಹೂಂ."

"ಎಕ್ಕ, ರಾಜ, ರಾಣಿ, ಗುಲಾಮ ಎಲ್ಲ ಇದ್ದಾರೆ ತಾನೆ?"

"ಇದ್ದಾರೆ."

"ಹಾಗಾದ್ರೆ ಇಸ್ಪೀಟೇ."

ಅವನು ಬಿಡಲಿಲ್ಲ. ಇದು ಜೂಜಲ್ಲ, ಕೌಶಲದ ಆಟ ಎಂದ. ಕಾನೂನಿನ ಪಾಠವನ್ನೇ ಶುರು ಮಾಡಿದ. ಸುಪ್ರೀಂ ಕೋರ್ಟು 1967ರಲ್ಲೇ ರಮ್ಮಿಗೆ ಕೌಶಲ ಬೇಕು ಎಂದು ಹೇಳಿದೆಯಂತೆ. ಯಾವ ಎಲೆ ಬಿತ್ತು ಅನ್ನುವುದು ನೆನಪಿರಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಸಾಕಬೇಕು ಎಂದು ಗೊತ್ತಿರಬೇಕು. ಅದೇ ತೀರ್ಪಿನಲ್ಲಿ ಮೂರೆಲೆಯ ಆಟ ಬರೀ ಅದೃಷ್ಟ ಎಂದೂ ಇದೆ. ಆಮೇಲೆ 2013ರಲ್ಲಿ ನಮ್ಮ ಹೈಕೋರ್ಟು, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸೇ ಬೇಡ ಎಂದಿತು. ಸಂವಿಧಾನದ ಪೇಪರಿನಲ್ಲಿ ಈ ಹುಡುಗ ಹಿಂದಿನ ಸಲ ಜಸ್ಟ್ ಪಾಸು. ಆದರೆ ಇಸ್ಪೀಟಿನ ವಿಷಯದಲ್ಲಿ ಮಾತ್ರ ಸೀನಿಯರ್ ವಕೀಲ.

"2021ರಲ್ಲಿ ನಮ್ಮ ಸರ್ಕಾರವೇ ಪೊಲೀಸ್ ಕಾಯ್ದೆ ತಿದ್ದಿ ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಷೇಧ ಮಾಡಿತ್ತಲ್ಲ?" ಎಂದೆ. ನಾನೂ ಪೇಪರ್ ಓದುವವನೇ.

"ಕುದುರೆ ರೇಸು, ಲಾಟರಿ ಬಿಟ್ಟು ಅಂತ ಅದರಲ್ಲೇ ಬರೆದಿದ್ರು ಮಾವ."

ಅದು ನಿಜ. ಹುಡುಗರು ಎಲೆ ನೋಡಿ ಲೆಕ್ಕ ಹಾಕಿದರೆ ಸಮಾಜ ಹಾಳು, ದೊಡ್ಡವರು ದುರ್ಬೀನು ಹಿಡಿದು ಕುದುರೆ ನೋಡಿದರೆ ಕ್ರೀಡೆ. ಆ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರವರಿ 14ಕ್ಕೆ ರದ್ದು ಮಾಡಿತು. ಪ್ರೇಮಿಗಳ ದಿನ. ಆವತ್ತು ಅತಿ ದೊಡ್ಡ ಗುಲಾಬಿ ಸಿಕ್ಕಿದ್ದು ಗೇಮಿಂಗ್ ಕಂಪನಿಗಳಿಗೆ.

ಆಮೇಲೆ ದಿಲ್ಲಿಯವರು ಎಚ್ಚರಾದರು. ಎಚ್ಚರಾದವರು ಮೊದಲು ತೆರಿಗೆ ಹಾಕಿದರು, ನಿಲ್ಲಿಸಿದ್ದು ಆಮೇಲೆ. 2023ರ ಅಕ್ಟೋಬರ್ 1ರಿಂದ, ಆಡಲು ಕಟ್ಟುವ ಅಷ್ಟೂ ದುಡ್ಡಿಗೆ 28 ಪರ್ಸೆಂಟ್ ಜಿಎಸ್‌ಟಿ. ಗೆದ್ದರೆ ಗೆದ್ದದ್ದರಲ್ಲಿ 30 ಪರ್ಸೆಂಟ್ ಬೇರೆ. ಅಂದರೆ ಸರ್ಕಾರ ಎಲೆಯನ್ನೇ ಮುಟ್ಟದೆ ಪ್ರತಿ ಆಟವನ್ನೂ ಗೆಲ್ಲುತ್ತಿತ್ತು. ಇಷ್ಟು ಚೆನ್ನಾಗಿ ಆಡುವವರನ್ನು ನಾನು ಜೂಜಿನ ಕಟ್ಟೆಯಲ್ಲೂ ನೋಡಿಲ್ಲ. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರು ದಿನದಲ್ಲಿ ದುಡ್ಡಿನ ಆನ್‌ಲೈನ್ ಆಟಗಳಿಗೆಲ್ಲ ನಿಷೇಧದ ಕಾಯ್ದೆ ಸಿದ್ಧ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಇದರ ಸ್ವಾರಸ್ಯ ಇರುವುದು ಮುಂದಿನ ತಿಂಗಳಲ್ಲಿ. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ಕೂತು, ಆನ್‌ಲೈನ್ ದುಡ್ಡಿನ ಆಟದ ತೆರಿಗೆಯನ್ನು 28ರಿಂದ 40ಕ್ಕೆ ಏರಿಸಿತು. ಬಾಗಿಲಿಗೆ ಬೀಗ ಜಡಿದು, ಟಿಕೆಟ್ ದರ ಏರಿಸಿದ ಹಾಗೆ.

"ಈಗ ಆ್ಯಪು ಬಂದ್. ಆದರೆ ಪಿಜಿಯಲ್ಲಿ ಎದುರಾ ಬದುರಾ ಕೂತು ಆಡೋದು ಆನ್‌ಲೈನ್ ಅಲ್ಲ" ಎಂದು ಅಳಿಯ ವಾದ ಮುಗಿಸಿದ.

ಸರಿಯಪ್ಪ, ನಿನ್ನ ಇಸ್ಪೀಟಿನ ಕಥೆ ಗೊತ್ತಾಯ್ತು, ಕೆಲಸದ ಕಥೆ ಹೇಳು ಎಂದೆ.

ಕೆಲಸ ಅಂದರೆ ಈಗ ಇಂಟರ್ನ್‌ಶಿಪ್. ನಮ್ಮ ಕಾಲದಲ್ಲಿ ಅದಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ. ಪಿಯುಸಿ ರಜೆಯಲ್ಲಿ ನಾನು ಇದೇ ಹಾಸನದ ಮಂಡಿಯೊಂದರಲ್ಲಿ ಬಿತ್ತನೆ ಆಲೂಗಡ್ಡೆಯ ಲೆಕ್ಕ ಬರೆಯುತ್ತಿದ್ದೆ. ಜಲಂಧರ್‌ನಿಂದ ಲಾರಿಗಟ್ಟಲೆ ಬರುತ್ತಿತ್ತು. ದಿನಕ್ಕೆ ಹತ್ತು ರೂಪಾಯಿ, ಮಧ್ಯಾಹ್ನ ಮುದ್ದೆ ಊಟ, ಸಂಜೆ ಮೈಯೆಲ್ಲ ಮಣ್ಣು. ಸರ್ಟಿಫಿಕೇಟ್ ಕೇಳಿದ್ದರೆ ಸಾಹುಕಾರರು ಆಲೂಗಡ್ಡೆಯಲ್ಲೇ ಹೊಡೆಯುತ್ತಿದ್ದರು. ಸಾಲ ಮಾಡಿ ಆ ಬೀಜ ಒಯ್ಯುವ ರೈತ, ಮಳೆ ಬಂದರೆ ಇಷ್ಟು, ಅಂಗಮಾರಿ ಬಂದರೆ ಸೊನ್ನೆ ಎಂದು ಇದ್ದದ್ದೆಲ್ಲ ಪಣಕ್ಕಿಡುತ್ತಿದ್ದ. ಅದು ಕೌಶಲವೋ ಅದೃಷ್ಟವೋ ಎಂದು ತೀರ್ಮಾನಿಸಲು ಯಾವ ಪೀಠವೂ ಕೂರಲಿಲ್ಲ ನೋಡಿ.

ಅಳಿಯ ಲ್ಯಾಪ್‌ಟಾಪ್ ತಿರುಗಿಸಿ ಒಂದು ಪಟ್ಟಿ ತೋರಿಸಿದ. ಅರ್ಜಿ ಹಾಕಿದ್ದು 230 ಕಡೆ. ಉತ್ತರ ಬಂದದ್ದು ಮೂರು. ಎರಡು ವಿಷಾದ. ಮೂರನೆಯದು ಅಭಿನಂದನೆ, ಜೊತೆಗೊಂದು ಕ್ಯೂಆರ್ ಕೋಡ್.

"ಪೋಕರಲ್ಲಿ ಮೊದಲ ಎರಡು ಎಲೆಯೂ ಎಕ್ಕವೇ ಬರೋ ಚಾನ್ಸು ಎಷ್ಟು ಗೊತ್ತಾ ಮಾವ? 221ಕ್ಕೆ ಒಂದು. ಅಷ್ಟು ಸಲ ಹಂಚಿದ್ರೆ ಒಂದ್ಸಲನಾದ್ರೂ ಬರುತ್ತೆ ಅಂತ ಕಾಯಬಹುದು. ಇಲ್ಲಿ 230 ಸಲ ಹಂಚಿದೀನಿ. ಜೋಕರೂ ಬಂದಿಲ್ಲ."

ಪೋಕರಿನಲ್ಲಿ ಜೋಕರ್ ಇರುವುದಿಲ್ಲ ಎಂದು ಅವನೇ ಆಮೇಲೆ ಹೇಳಿಕೊಟ್ಟ. ನೋವಿನಲ್ಲಿ ಬಾಯಿ ತಪ್ಪಿತ್ತು, ಪಾಪ.

"ನಿನ್ನ ಕ್ಲಾಸಲ್ಲಿ ಯಾರಿಗೂ ಸಿಕ್ಕಿಲ್ವಾ?"

"ಸಿಕ್ಕಿದೆ. ಒಬ್ಬನ ಚಿಕ್ಕಪ್ಪ ಕಂಪನಿಯಲ್ಲಿ ಮ್ಯಾನೇಜರ್. ಇನ್ನೊಬ್ಬಳ ಅಪ್ಪನದೇ ಕಂಪನಿ."

ನಾನು ಕತ್ತು ಬಗ್ಗಿಸಿದೆ. ಪೋಕರಿನಲ್ಲಿ ಅತಿ ಕೆಟ್ಟ ಜೋಡಿ ಬೇರೆ ಬೇರೆ ಗುರುತಿನ ಎರಡು ಮತ್ತು ಏಳಂತೆ. ಅಂಕಣ ಬರೆಯುವ ಮಾವ ಅಂದರೆ ಅದೇ. ಹುಟ್ಟುವಾಗಲೇ ಹಂಚಿಬಿಟ್ಟ ಎಲೆ, ಬಿಸಾಕಲೂ ಬರುವುದಿಲ್ಲ.

ಆದರೂ ಮಾವನ ಗತ್ತು ಇರಬೇಕಲ್ಲ. ಅಭಿನಂದನೆ ಬಂದ ಜಾಗಕ್ಕೆ ನಾನೇ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ತುಂಬ ಮರ್ಯಾದೆಯಿಂದ ಮಾತಾಡಿದಳು.

"ಒಂದು ತಿಂಗಳ ಇಂಟರ್ನ್‌ಶಿಪ್ಪಿಗೆ ಎಷ್ಟಮ್ಮ?"

"ಆರು ಸಾವಿರ ಸರ್."

"ಪರವಾಗಿಲ್ಲವೇ. ತಿಂಗಳ ಕೊನೆಗೆ ಕೊಡ್ತೀರಾ?"

"ಇಲ್ಲ ಸರ್, ಮೊದಲೇ. ಜೊತೆಗೆ 18 ಪರ್ಸೆಂಟ್ ಜಿಎಸ್‌ಟಿ."

"ಜಿಎಸ್‌ಟಿ ಕೂಡ ಸೇರಿಸಿ ಕೊಡ್ತೀರಾ?"

ಆ ಕಡೆ ಸ್ವಲ್ಪ ಹೊತ್ತು ಮೌನ. "ಸರ್, ಕೊಡೋದು ನೀವು."

ಕೆಲಸ ಮಾಡುವವನೇ ಸಂಬಳ ಕೊಡುವ ಪದ್ಧತಿ ಯಾವಾಗ ಬಂತೋ ನನಗೆ ಗೊತ್ತಾಗಲಿಲ್ಲ. ಒಟ್ಟು 7,080 ರೂಪಾಯಿ. ಕೆಲಸ ಏನು ಎಂದು ಕೇಳಿದೆ. ಕೆಲಸ ಇಲ್ಲ ಸರ್, ರೆಕಾರ್ಡೆಡ್ ವಿಡಿಯೋ ಇರುತ್ತೆ, ಮನೆಯಲ್ಲೇ ನೋಡಬಹುದು ಎಂದಳು. ಕೆಲಸ ಸಿಗುತ್ತಾ ಎಂದರೆ, "ಚಾನ್ಸಸ್ ಇರುತ್ತೆ ಸರ್." ದುಡ್ಡು ವಾಪಸ್ಸು? ಇಲ್ಲ. ಆದರೆ ಒಬ್ಬ ಫ್ರೆಂಡನ್ನು ಕರೆತಂದರೆ ಐನೂರು ರೂಪಾಯಿ ಕಡಿಮೆ ಮಾಡುತ್ತಾರಂತೆ. ಇಸ್ಪೀಟಿನ ಅಡ್ಡೆಯಲ್ಲಿ ಹೀಗೆ ಗಿರಾಕಿ ಹಿಡಿದು ತರುವವನಿಗೆ ಬೇರೆ ಹೆಸರಿದೆ. ಇಲ್ಲಿ ಅವನು ಕ್ಯಾಂಪಸ್ ಅಂಬಾಸಿಡರ್.

ಆಗ ನನಗೆ 2025ರ ಕಾಯ್ದೆಯ ಮಾತು ನೆನಪಾಯಿತು. ಕೌಶಲವೋ ಅದೃಷ್ಟವೋ ಎರಡೂ ಸೇರಿಯೋ, ಏನಾದರೂ ಇರಲಿ. ಗೆದ್ದರೆ ದುಡ್ಡೋ ಇನ್ನೇನೋ ಲಾಭ ಬರುತ್ತದೆಂಬ ಆಸೆಯಲ್ಲಿ ಶುಲ್ಕ ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ನಿಷೇಧ. ಈಗ ನೀವೇ ಹೇಳಿ. ಶುಲ್ಕ ಇದೆ. ಆನ್‌ಲೈನ್ ಇದೆ. ಲಾಭದ ಆಸೆ ಇದೆ. ಗೆಲ್ಲುವವರು ಯಾರೂ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇದನ್ನು ಆಟ ಅನ್ನಲು ಆಗುವುದಿಲ್ಲ. ತೆರಿಗೆಯೂ ಜೂಜಿಗಿಂತ ಕಡಿಮೆ. ಆಡಿಸುವವರಿಗೆ ಇದಕ್ಕಿಂತ ಒಳ್ಳೆಯ ಬಿಸಿನೆಸ್ ಉಂಟೇ?

ಹುಡುಗರು ಸುಮ್ನೆ ಕಟ್ಟುವುದಲ್ಲ. ಇಂಟರ್ನ್‌ಶಿಪ್ ಮಾಡದಿದ್ದರೆ ಕಾಲೇಜಿನಲ್ಲಿ ಮಾರ್ಕ್ಸ್ ಇಲ್ಲ. ಇಂಟರ್ನ್‌ಶಿಪ್ ಕೊಡಿಸಬೇಕಾದ ಕಾಲೇಜು, "ನೀವೇ ಹುಡುಕಿಕೊಳ್ಳಿ" ಎನ್ನುತ್ತದೆ. ಎಲ್ಲರೂ ಒಂದೇ ತಿಂಗಳಲ್ಲಿ ಹುಡುಕಲು ಹೊರಡುತ್ತಾರೆ. ಹುಡುಕುವವರ ದಾರಿಯಲ್ಲೇ ಒಬ್ಬ ಕ್ಯೂಆರ್ ಕೋಡ್ ಹಿಡಿದು ನಿಂತಿರುತ್ತಾನೆ.

ಸರ್ಕಾರದ್ದೇ ಇದೆಯಲ್ಲ, ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ, ಶುರುವಾದಾಗಲೇ ತಿಂಗಳಿಗೆ 5,000 ರೂಪಾಯಿ ಇತ್ತು ಎಂದೆ. 2024ರ ಬಜೆಟ್ಟಿನಲ್ಲಿ ಐದು ವರ್ಷಕ್ಕೆ ಒಂದು ಕೋಟಿ ಹುಡುಗರಿಗೆ ಎಂದು ಹೇಳಿದ್ದು ನನಗೆ ನೆನಪಿತ್ತು. ಅಳಿಯ ನಕ್ಕ. ಅದು ಶುರುವಾದಾಗಿನ ನಿಯಮದಲ್ಲೇ, ಪೂರ್ಣಾವಧಿ ಓದುತ್ತಿರುವವರಿಗೆ ಇಲ್ಲ. ಓದು ಮುಗಿದ ಮೇಲೆ? ಆಗ ನಮ್ಮ ರಾಜ್ಯದ ಯುವನಿಧಿ ಇದೆ. ಡಿಗ್ರಿ ಆಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ತಿಂಗಳಿಗೆ 3,000. ಅಂದರೆ ಲೆಕ್ಕ ಹೀಗೆ. ಓದುವಾಗ ಕೆಲಸ ಕಲಿಯಲು ನಾವೇ 7,080 ಕೊಡಬೇಕು. ಓದು ಮುಗಿಸಿ ಕೆಲಸ ಇಲ್ಲದೆ ಕೂತರೆ ನಮಗೇ 3,000 ಕೊಡುತ್ತಾರೆ. ಪೋಕರ್ ಆಡುವವನಿಗೆ ಇದು ಬೇಗ ಅರ್ಥವಾಗುತ್ತದೆ. ಕೆಟ್ಟ ಎಲೆ ಬಂದರೆ ದುಡ್ಡು ಹಾಕದೆ ಕೈ ಮಡಚಬೇಕು.

"ಮತ್ತೆ, ಪೋಕರನ್ನು ರೆಸ್ಯೂಮೆಯಲ್ಲಿ ಹಾಕಬಹುದು ಮಾವ. ರಿಸ್ಕ್ ಮ್ಯಾನೇಜ್‌ಮೆಂಟ್ ಅಂತ. ಅಮೆರಿಕದ ಎಂಐಟಿಯಲ್ಲೇ 2015ರಲ್ಲಿ ಇದರ ಕೋರ್ಸ್ ಇತ್ತು."

ನಿಜ, ಇತ್ತು. ಆದರೆ ನಾನು ಪೂರ್ತಿ ಮರುಳಾಗಲಿಲ್ಲ. ಹೋದ ವರ್ಷ ಎಷ್ಟು ಗೆದ್ದೆ ಎಂದು ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿದ. "ಲಾಂಗ್ ಟರ್ಮಲ್ಲಿ ನೋಡಬೇಕು ಮಾವ." ಕೌಶಲದ ಆಟದಲ್ಲಿ ಗೆದ್ದವನು ಎಷ್ಟು ಗೆದ್ದೆ ಎನ್ನುತ್ತಾನೆ. ಸೋತವನು ಲಾಂಗ್ ಟರ್ಮ್ ಎನ್ನುತ್ತಾನೆ. ಷೇರು ಪೇಟೆಯ ನನ್ನ ಸ್ನೇಹಿತರೂ ಹೀಗೇ ಮಾತಾಡುತ್ತಾರೆ.

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. "ಏನಂತೆ? ಬುದ್ಧಿ ಬಂತಾ?"

"ಇಬ್ಬರಿಗೂ ಬರ್ತಾ ಇದೆ" ಎಂದೆ.

"ನಮ್ಮ ವಂಶದಲ್ಲಿ ಯಾರೂ ಎಲೆ ಮುಟ್ಟಿದವರಲ್ಲ" ಎಂದಳು ಅಕ್ಕ. ನನಗೆ ಕಾಫಿ ನೆತ್ತಿಗೇರಿತು. ಪ್ರತಿ ಯುಗಾದಿಗೆ ಊರ ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಒಳಗೆ-ಹೊರಗೆ ಆಡುತ್ತಿದ್ದವರು ಯಾರು ಹಾಗಾದರೆ? ನಮ್ಮಪ್ಪ ಅಲ್ವಾ? ಮದುವೆಗೆ ಮಾವನ ಮನೆಯಿಂದ ಕೊಟ್ಟ ವಾಚು ಆ ಟವೆಲ್ ಮೇಲೆ ಹೋಗಿ, ಮಾರನೇ ದಿನ ಹೊಸತೊಡಕಿಗೆ ಮಾಂಸ ತರಲು ಅಮ್ಮ ಸಾಲ ಮಾಡಲಿಲ್ಲವೇ?

"ಅದು ಹಬ್ಬ ಕಣೋ. ಶಾಸ್ತ್ರಕ್ಕೆ ಆಡ್ತಿದ್ರು."

ಶಾಸ್ತ್ರಕ್ಕೆ ಹೋದ ವಾಚು ವಾಪಸ್ಸು ಬರಲೇ ಇಲ್ಲ.

ಕೊನೆಗೆ ಅಕ್ಕನದೇ ತೀರ್ಮಾನ. ಜನ ಕೇಳಿದರೆ ಹೇಳಲು ಒಂದು ಮಾತು ಬೇಕು. "ಮಗ ಇಂಟರ್ನ್‌ಶಿಪ್ ಮಾಡ್ತಿದಾನೆ" ಅನ್ನುವುದಕ್ಕೆ 7,080 ರೂಪಾಯಿ ಜಾಸ್ತಿ ಏನಲ್ಲ. ಸೀರೆ ಚೀಟಿಯ ದುಡ್ಡಿನಲ್ಲಿ ಕಟ್ಟಿದಳು. ಚೀಟಿ ಕೌಶಲವೋ ಅದೃಷ್ಟವೋ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿ ಸುಮ್ಮನಾದೆ.

ಮಧ್ಯಾಹ್ನ ದುಡ್ಡು ಹೋಯಿತು. ಸಂಜೆ ಏಳಕ್ಕೆ ಮೇಲ್ ಬಂತು. ಅಳಿಯ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ನನ್ನ ಕೈಗೆ ಕೊಟ್ಟ. ಬಂಗಾರದ ಬಣ್ಣದ ಅಂಚು, ಎರಡು ಸಹಿ, ಒಂದು ಸೀಲು. ಒಂದು ತಿಂಗಳ ಇಂಟರ್ನ್‌ಶಿಪ್ಪನ್ನು ಯಶಸ್ವಿಯಾಗಿ ಮುಗಿಸಿದ್ದಕ್ಕೆ ಸರ್ಟಿಫಿಕೇಟ್. ಅವನ ನಡತೆ ಉತ್ತಮ, ಸಮಯಪಾಲನೆ ಅತ್ಯುತ್ತಮ ಎಂದು ಬರೆದಿತ್ತು. ತಾರೀಖು ಮುಂದಿನ ತಿಂಗಳದ್ದು.

"ವಿಡಿಯೋ ನೋಡಬೇಕಲ್ವಾ?" ಎಂದೆ.

"ಲಿಂಕು ಓಪನ್ ಆಗ್ತಿಲ್ಲ ಮಾವ."

ಅಕ್ಕ ಸರ್ಟಿಫಿಕೇಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನಾಳೆ ಲ್ಯಾಮಿನೇಷನ್ ಮಾಡಿಸುತ್ತಾಳಂತೆ. ಆಮೇಲೆ ಮೂವರೂ ಜಗಲಿಗೆ ಬಂದು ಕೂತೆವು. ರಜೆ ಇನ್ನೂ ಪೂರ್ತಿ ತಿಂಗಳಿತ್ತು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನೇ ಎದ್ದು ಅಡುಗೆಮನೆಗೆ ಹೋದಳು, ಡಬ್ಬದಿಂದ ಹುಣಿಸೆ ಬೀಜ ತಂದು ಮೂರು ಗುಡ್ಡೆ ಮಾಡಿದಳು.

"ಅದೇನೋ ಪೋಕರ್ ಅಂದ್ಯಲ್ಲ, ಹಂಚು. ನೋಡೋಣ."

ಒಂಬತ್ತು ಗಂಟೆಗೆ ನನ್ನ ಗುಡ್ಡೆ ಖಾಲಿ. ಒಂಬತ್ತೂವರೆಗೆ ಅಳಿಯನದೂ ಖಾಲಿ. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂದರೆ ಅಕ್ಕ ಹೇಳಲಿಲ್ಲ. ಸೆರಗಿನಲ್ಲಿ ಬೀಜ ಕಟ್ಟಿಕೊಂಡು, ಅನ್ನಕ್ಕೆ ಇಡಲು ಒಳಗೆ ಹೋದಳು.