ಕಣ್ಣಿನ ಮೇಕಪ್ ತೆಗೆಯಲು ಎಣ್ಣೆ ಸಾಕು, ಅದಕ್ಕೆ ನೀರು ಬೆರೆಸಬೇಡಿ

ಮನೆಯಲ್ಲೇ ಕಣ್ಣಿನ ಮೇಕಪ್ ರಿಮೂವರ್ ತಯಾರಿಸಿಕೊಳ್ಳುವ ವಿಡಿಯೊಗಳು ಈಚೆಗೆ ಬಹಳ ಓಡಾಡುತ್ತಿವೆ. ಬಾದಾಮಿ ಎಣ್ಣೆ, ರೋಸ್ ವಾಟರ್, ಅಲೋವೆರಾ ತಿರುಳು, ಬೇಬಿ ಶಾಂಪೂ ಇಷ್ಟನ್ನೂ ಒಂದು ಚೆಂದದ ಸೀಸೆಗೆ ಸುರಿದು ಚೆನ್ನಾಗಿ ಕುಲುಕಿ, ಬಚ್ಚಲುಮನೆಯ ಗೂಡಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಿ ಎನ್ನುವುದು ಅವುಗಳ ಸಾಮಾನ್ಯ ಸಲಹೆ. ಅಂಗಡಿಯ ಸೀಸೆಗೆ ನೂರಾರು ರೂಪಾಯಿ ಕೊಡುವುದೇಕೆ ಎಂಬ ಅವರ ಮೂಲ ಪ್ರಶ್ನೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ತಕರಾರು ಆ ಮಿಶ್ರಣದ ಮೇಲೆ. ಅದರಲ್ಲಿ ಕೆಲಸ ಮಾಡುವುದು ಬಹುಪಾಲು ಎಣ್ಣೆಯೊಂದೇ. ಉಳಿದವು ಸೀಸೆಯನ್ನು ತುಂಬಿಸುತ್ತವೆ, ಮತ್ತು ಅದು ಕೆಡುವುದಕ್ಕೆ ದಾರಿ ಮಾಡಿಕೊಡುತ್ತವೆ.

ವಾಟರ್‌ಪ್ರೂಫ್ ಮಸ್ಕಾರಾ ಮತ್ತು ಇಂದಿನ ಪೆನ್ಸಿಲ್ ಕಾಜಲ್‌ಗಳಲ್ಲಿ ಇರುವುದು ಮುಖ್ಯವಾಗಿ ಮೇಣ, ಎಣ್ಣೆಯಂಥ ಜಿಡ್ಡಿನ ಪದಾರ್ಥಗಳು ಮತ್ತು ಅವುಗಳಲ್ಲಿ ಹಿಡಿದಿಟ್ಟ ಕಪ್ಪು ಬಣ್ಣದ ಪುಡಿ. ಬೆವರಿಗೂ ಕಣ್ಣೀರಿಗೂ ಜಗ್ಗದಂತೆ ಮಾಡಿದ ವಸ್ತು ಬರಿಯ ನೀರಿಗೆ ಜಗ್ಗಬೇಕೆಂದು ನಿರೀಕ್ಷಿಸುವುದೇ ತಪ್ಪು. ಹಲಸಿನ ಹಣ್ಣು ಬಿಡಿಸುವಾಗ ಕೈಗಂಟಿದ ಮೇಣವನ್ನು ಎಣ್ಣೆ ಹಚ್ಚಿ ತೆಗೆಯುವುದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ರೆಪ್ಪೆಯ ಮೇಲೆ ನಡೆಯುವುದೂ ಅದೇ ಕ್ರಿಯೆ. ಹಿಂದೆ ಮನೆಗಳಲ್ಲಿ ಹರಳೆಣ್ಣೆ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿ ಮಾಡುತ್ತಿದ್ದ ಕಾಡಿಗೆ ಎಣ್ಣೆಸ್ನಾನದ ದಿನ ತಾನಾಗಿಯೇ ಕರಗಿ ಹೋಗುತ್ತಿತ್ತು, ಅದನ್ನು ತೆಗೆಯಲು ಇನ್ನೊಂದು ಪದಾರ್ಥ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆನ್ನುವವರು ಯಕ್ಷಗಾನ ಮೇಳದ ಚೌಕಿಯೊಳಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗದೊಳಗೆ, ಒಮ್ಮೆ ಇಣುಕಬೇಕು. ಇರುಳಿಡೀ ರಂಗದ ಮೇಲೆ ಕುಣಿದು ಬೆವರಿದರೂ ಇಳಿಯದ ಬಣ್ಣವನ್ನು, ಕಣ್ಣಿನ ಸುತ್ತ ದಪ್ಪಗೆ ತೀಡಿದ ಕಪ್ಪನ್ನು, ಕಲಾವಿದರು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮುಖಕ್ಕೆ ಸವರಿ, ಬಣ್ಣ ಸಡಿಲವಾಗುವವರೆಗೆ ಕಾದು, ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಾರೆ. ಆಮೇಲಷ್ಟೇ ಸೋಪು ಮತ್ತು ನೀರು. ಮೊದಲು ಎಣ್ಣೆ, ಆಮೇಲೆ ಸೋಪು ಎಂಬ ಈ ಕ್ರಮವನ್ನೇ ಈಗ ‘ಡಬಲ್ ಕ್ಲೆನ್ಸಿಂಗ್’ ಎಂದು ಹೆಸರಿಟ್ಟು ನಮಗೆ ಮಾರುತ್ತಿದ್ದಾರೆ.

ಇನ್ನು ನೀರಿನ ಮಾತು. ಅಂಗಡಿಯಲ್ಲಿ ಸಿಗುವ, ಕುಲುಕಿ ಬಳಸುವ ಎರಡು ಪದರದ ರಿಮೂವರ್‌ಗಳಲ್ಲಿ ಕೆಳಗಿನ ಪದರ ನೀರೇ ಆಗಿರುತ್ತದೆ, ನಿಜ. ಆದರೆ ಆ ನೀರು ಕೆಡದಂತೆ ಫಿನಾಕ್ಸಿಎಥನಾಲ್‌ನಂಥ ಸಂರಕ್ಷಕವನ್ನು ಅಳತೆಯಿಟ್ಟು ಸೇರಿಸಿರುತ್ತಾರೆ. ಯುರೋಪಿನ ನಿಯಮದಲ್ಲಿ ಇದರ ಮಿತಿ ಶೇಕಡಾ 1. ಮನೆಯ ಸೀಸೆಯಲ್ಲಿ ಆ ರಕ್ಷಣೆ ಇಲ್ಲ. ಸಂರಕ್ಷಕವಿಲ್ಲದ ನೀರಿಗೆ ಅಲೋವೆರಾದ ಸಕ್ಕರೆಯಂಶವೂ, ಅದ್ದಿ ಅದ್ದಿ ತೆಗೆದ ಬೆರಳಿನ ಕೊಳೆಯೂ ಸೇರಿ, ಬಚ್ಚಲುಮನೆಯ ಬೆಚ್ಚನೆಯ ತೇವದಲ್ಲಿ ಕುಳಿತರೆ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಮತ್ತೇನು ಬೇಕು? ಅದರಲ್ಲೂ ಸ್ಯೂಡೋಮೊನಾಸ್ ಎಂಬ ಜಾತಿ ಇಂಥ ಒದ್ದೆ ಜಾಗಗಳಲ್ಲಿ ಸುಲಭವಾಗಿ ನೆಲೆಯೂರುತ್ತದೆ, ಮತ್ತು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಸಣ್ಣ ಗೀರಿದ್ದರೂ ಸಾಕು, ದೃಷ್ಟಿಗೇ ಕುತ್ತು ತರುವಂಥ ಸೋಂಕು ಉಂಟುಮಾಡಬಲ್ಲದು. ಮಿಶ್ರಣ ಹಳಸಿದೆ ಎಂದು ಮೂಗಿಗೆ ಗೊತ್ತಾಗುವ ಮೊದಲೇ ಅದರಲ್ಲಿ ಜೀವಾಣುಗಳು ತುಂಬಿರಬಹುದು. ಹಿಂಡಿದ ನಿಂಬೆರಸವನ್ನೂ ಅಡುಗೆ ಸೋಡಾವನ್ನೂ ಸೂಚಿಸುವ ಮಹಾಶಯರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಎಚ್ ಎಂಬ ಅಳತೆ ಕಡಿಮೆಯಾದಷ್ಟೂ ಆಮ್ಲ ಹೆಚ್ಚು: ನಮ್ಮ ಕಣ್ಣೀರಿನ ಪಿಎಚ್ ಸುಮಾರು 7.4, ನಿಂಬೆರಸದ್ದು 2ರ ಆಸುಪಾಸು, ಅಷ್ಟು ತಿಳಿದರೆ ಸಾಕು.

ಬೇಬಿ ಶಾಂಪೂವಿನ ವಿಷಯದಲ್ಲಿ ಮಾತ್ರ ನಾನು ಅಷ್ಟು ಕಟುವಾಗಿ ಮಾತನಾಡಲಾರೆ. ರೆಪ್ಪೆಯಂಚಿನ ಉರಿಯೂತವಿದ್ದವರಿಗೆ ಅದನ್ನು ನೀರಿನಲ್ಲಿ ತೆಳುಮಾಡಿ ಅಂಚನ್ನು ಒರೆಸಿಕೊಳ್ಳಲು ಕಣ್ಣಿನ ವೈದ್ಯರೇ ಹೇಳುತ್ತಿದ್ದುದುಂಟು. ಕುದಿಸಿ ಆರಿಸಿದ ನೀರಿಗೆ ಒಂದೆರಡು ಹನಿ ಹಾಕಿ, ಆ ಹೊತ್ತಿಗೆ ಬೇಕಾದಷ್ಟೇ ಮಾಡಿಕೊಂಡು, ಮಿಕ್ಕಿದ್ದನ್ನು ಚೆಲ್ಲುವುದಾದರೆ ನನ್ನ ಅಡ್ಡಿಯಿಲ್ಲ. ಆದರೆ ಶಾಂಪೂ ಶಾಂಪೂವೇ. ಕಣ್ಣು ಉರಿಯಲಿಲ್ಲ ಎಂಬ ಕಾರಣಕ್ಕೆ ತೊಳೆಯದೆ ಹಾಗೆಯೇ ಬಿಟ್ಟರೆ ಚರ್ಮ ಒಣಗುತ್ತದೆ.

ಹಾಗಾದರೆ ಯಾವ ಎಣ್ಣೆ? ನನ್ನ ಮೊದಲ ಆಯ್ಕೆ ಮೆಡಿಕಲ್ ಶಾಪ್‌ಗಳಲ್ಲಿ ದೊರೆಯುವ, ಸುವಾಸನೆ ಸೇರಿಸದ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಮಿನರಲ್ ಆಯಿಲ್. ಪೆಟ್ರೋಲಿಯಂ ಮೂಲದ್ದೆಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ರಾತ್ರಿ ಕಣ್ಣಿಗೆ ಹಚ್ಚುವ ಅನೇಕ ಮುಲಾಮುಗಳ ಆಧಾರವೇ ಪೆಟ್ರೋಲಿಯಂ ಜೆಲ್ಲಿ ಮತ್ತು ಈ ಮಿನರಲ್ ಆಯಿಲ್, ಅವು ಶುದ್ಧೀಕರಿಸಿ ಸೂಕ್ಷ್ಮಾಣುರಹಿತಗೊಳಿಸಿದವು ಎಂಬುದಷ್ಟೇ ವ್ಯತ್ಯಾಸ. ಇದು ಕಮಟು ವಾಸನೆಗೆ ತಿರುಗುವುದಿಲ್ಲ. ಬಾದಾಮಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಗಾಳಿಗೆ ಮತ್ತು ಬೆಳಕಿಗೆ ಬೇಗ ಕೆಡುವುದರಿಂದ ಸಣ್ಣ ಸೀಸೆ ಕೊಳ್ಳುವುದು ಒಳ್ಳೆಯದು. ಕೊಬ್ಬರಿ ಎಣ್ಣೆ ಎಲ್ಲರ ಮನೆಯಲ್ಲೂ ಇದೆ. 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಲೆನಾಡಿನ ಚಳಿಗಾಲದ ರಾತ್ರಿ ಅಂಗೈಯಲ್ಲಿ ಕರಗಿಸಿಕೊಳ್ಳಬೇಕಾಗುತ್ತದೆ, ಮತ್ತು ಮೊಡವೆಯಾಗುವ ಚರ್ಮದವರಿಗೆ ಅದು ಹೊಂದುವುದಿಲ್ಲ. ಪರಿಮಳ ಬೆರೆಸಿದ ತಲೆಗೂದಲಿನ ಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ.

ಬಳಸುವ ರೀತಿ ಎಣ್ಣೆಗಿಂತಲೂ ಮುಖ್ಯ. ಕೈ ತೊಳೆದು, ಲೆನ್ಸ್ ಧರಿಸುವವರು ಮೊದಲು ಲೆನ್ಸ್ ತೆಗೆದಿಡಬೇಕು. ಹತ್ತಿಯ ಎಳೆ ರೆಪ್ಪೆಗೂದಲಿಗೆ ಸಿಕ್ಕಿಕೊಳ್ಳುವುದರಿಂದ ನಾನು ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡುಗಳನ್ನು ಇಟ್ಟುಕೊಂಡಿದ್ದೇನೆ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದರೆ ಬಟ್ಟೆ ಎಣ್ಣೆಯನ್ನು ಕುಡಿಯುವುದಿಲ್ಲ, ಮೂರು ನಾಲ್ಕು ಹನಿಯಲ್ಲೇ ಒಂದು ಕಣ್ಣು ಮುಗಿಯುತ್ತದೆ. ಎಣ್ಣೆ ಹಾಕಿದ ಆ ತುಂಡನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು, ಉಜ್ಜದೆ, ಅರ್ಧ ನಿಮಿಷ ಸುಮ್ಮನೆ ಹಿಡಿದಿರಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದರೆ ಬಟ್ಟೆಯ ಮೇಲೆ ರೆಪ್ಪೆಗೂದಲುಗಳ ಸಾಲು ಕಪ್ಪು ಗೆರೆಗಳಾಗಿ ಇಳಿದಿರುತ್ತದೆ. ಉಜ್ಜಿದರೆ ನೋಯುವುದು ಸಹಜ: ದೇಹದಲ್ಲೇ ಅತ್ಯಂತ ತೆಳುವಾದ ಚರ್ಮ ರೆಪ್ಪೆಯದು.

ಎಣ್ಣೆಯನ್ನು ಹಾಗೆಯೇ ಬಿಟ್ಟು ಮಲಗುವುದೂ ಸರಿಯಲ್ಲ. ಮೇಲಿನ ರೆಪ್ಪೆಯ ಅಂಚಿನಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಸೂಕ್ಷ್ಮ ಗ್ರಂಥಿಗಳಿದ್ದು, ಕಣ್ಣೀರು ಆವಿಯಾಗದಂತೆ ಕಾಪಾಡುವ ಜಿಡ್ಡನ್ನು ಅವು ಒಸರಿಸುತ್ತವೆ. ಬಣ್ಣ ಬೆರೆತ ಎಣ್ಣೆ ಅವುಗಳ ಬಾಯಿ ಕಟ್ಟಿದರೆ ಕಣ್ಣು ಕಿರಿಕಿರಿಯಾಗುತ್ತದೆ, ಕುರು ಏಳಲೂಬಹುದು. ಆದ್ದರಿಂದ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು ಮುಗಿಸಬೇಕು. ಸ್ವಲ್ಪ ಎಣ್ಣೆ ಕಣ್ಣೊಳಗೆ ಹೋಗಿ ನೋಟ ಮಂಜಾದರೆ ಗಾಬರಿ ಬೇಡ, ಕೆಲವು ನಿಮಿಷಗಳಲ್ಲಿ ತಿಳಿಯಾಗುತ್ತದೆ. ಕೆಂಪು, ನೋವು ಅಥವಾ ಮಂಜು ಮರುದಿನವೂ ಉಳಿದರೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಕೃತಕ ರೆಪ್ಪೆಗೂದಲು ಅಂಟಿಸಿಕೊಂಡವರಿಗೆ ಈ ವಿಧಾನ ಹೇಳಿದ್ದಲ್ಲ, ಎಣ್ಣೆ ಆ ಅಂಟನ್ನು ಸಡಿಲಗೊಳಿಸಬಹುದು. ಪ್ರತಿ ರೆಪ್ಪೆಗೂದಲನ್ನೂ ಕವಚದಂತೆ ಸುತ್ತಿಕೊಳ್ಳುವ ಟ್ಯೂಬಿಂಗ್ ಮಸ್ಕಾರಾ ಬಳಸುವವರಿಗಂತೂ ಎಣ್ಣೆಯ ಅಗತ್ಯವೇ ಇಲ್ಲ, ಬೆಚ್ಚಗಿನ ನೀರಿನಲ್ಲಿ ಅದು ಸಣ್ಣ ಸಣ್ಣ ಕೊಳವೆಗಳಾಗಿ ಕಳಚಿಕೊಳ್ಳುತ್ತದೆ.