ಬ್ರಾಕೆಟ್ ಮುಚ್ಚದ ಹುಡುಗಿಗೆ ಅರ್ಧ ಮಾರ್ಕು ಕಟ್

ಉತ್ತರಪತ್ರಿಕೆಯಲ್ಲಿ ಪೆನ್ಸಿಲಿನಿಂದ ಎಕ್ಸೆಲ್ ಶೀಟ್ ಬಿಡಿಸಿದ ಹುಡುಗನಿಗೆ ಐದಕ್ಕೆ ನಾಲ್ಕು ಕೊಡಬೇಕೋ ಐದೂ ಕೊಡಬೇಕೋ ಎಂದು ನಮ್ಮ ಮೇಜಿನಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ಸ್ಕೇಲ್ ಇಟ್ಟು ಎಳೆದ ಗೆರೆಗಳು. ಎ, ಬಿ, ಸಿ, ಡಿ ಕಾಲಮ್ಮುಗಳು. ಮೇಲೆ ಹಸಿರು ಸ್ಕೆಚ್ ಪೆನ್ನಿನ ಪಟ್ಟಿ, ಬಲ ಮೂಲೆಯಲ್ಲಿ ಇಂಟು ಮಾರ್ಕು. ಪಕ್ಕದ ಮೇಡಂ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಸೇವ್ ಬಟನ್ ಬಿಟ್ಟಿದ್ದಾನೆ" ಅಂದರು. ಒಂದು ಮಾರ್ಕು ಹೋಯಿತು. ಸೇವ್ ಮಾಡದಿದ್ದರೆ ಏನಾಗುತ್ತದೆ ಅಂತ ಈಗಲೇ ಗೊತ್ತಾಗಲಿ, ಅಲ್ವಾ?

ಹಳೆಯ ನಮೂನೆಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತಿತ್ತು. 2020ರಲ್ಲಿ ಇಂಗ್ಲೆಂಡಿನ ಕೋವಿಡ್ ಲೆಕ್ಕ ಅಂಥ ಫೈಲಿನಲ್ಲಿ ಹೋಗಿ, 15,841 ಪ್ರಕರಣಗಳು ಸಮಯಕ್ಕೆ ಪಟ್ಟಿಗೆ ಸೇರಲೇ ಇಲ್ಲ. ನಮ್ಮ ಹುಡುಗನ ಹಾಳೆ ಹದಿನೆಂಟನೇ ಸಾಲಿಗೇ ಮುಗಿದಿತ್ತು. ಆದರೆ ಅವನು ಕೆಳಗೆ ಮರೆಯದೆ ಬರೆದಿದ್ದ: ಪುಟ ತಿರುಗಿಸಿ. ಇಂಗ್ಲೆಂಡಿನವರಿಗೆ ಆ ಬುದ್ಧಿ ಬಂದಿರಲಿಲ್ಲ.

ಇದು ಬಿಬಿಎ ಪದವಿಯ ಮೌಲ್ಯಮಾಪನ ಕೇಂದ್ರ. ವಿಷಯ, ಮಾಹಿತಿ ತಂತ್ರಜ್ಞಾನ ನಿರ್ವಹಣೆ. ನಾನು ಅತಿಥಿ ಉಪನ್ಯಾಸಕ. ಬಂದು ಹದಿಮೂರು ವರ್ಷವಾದರೂ ಎದ್ದು ಹೋಗದ ಅತಿಥಿ. ಊರಿನ ಹೆಸರು, ವಿಶ್ವವಿದ್ಯಾಲಯದ ಹೆಸರು ಕೇಳಬೇಡಿ. ಮುಂದಿನ ಸೆಮಿಸ್ಟರಿಗೂ ಕರೆ ಬರಬೇಕಲ್ಲ.

ವಿಷಯ ಏನೋ ದೊಡ್ಡದಿರಬೇಕು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಒಂದು ಸಲ ಬರೆದ ಲೆಕ್ಕ ಗೋಡೌನಿಗೂ ಸಿಗಬೇಕು, ಬ್ಯಾಂಕಿನ ಕೆಲಸಕ್ಕೂ ಸಿಗಬೇಕು, ಜಿಎಸ್‌ಟಿ ಕಟ್ಟುವವನಿಗೂ ಸಿಗಬೇಕು. ಕೌಂಟರಿನವನಿಗೆ ಇವತ್ತಿನ ಲೆಕ್ಕ ಸಾಕು, ಮ್ಯಾನೇಜರಿಗೆ ತಿಂಗಳದ್ದು ಬೇಕು, ಯಜಮಾನನಿಗೆ ಮುಂದಿನ ವರ್ಷ ಏನು ಮಾಡಬೇಕು ಅನ್ನುವುದು ಗೊತ್ತಾಗಬೇಕು. ಇಷ್ಟೇ. ಇದನ್ನು ನಾವು ಐದು ಯೂನಿಟ್ ಮಾಡಿದ್ದೇವೆ. ಯೂನಿಟ್ಟಿಗೆ ನಾಲ್ಕು ವ್ಯಾಖ್ಯೆ, ವ್ಯಾಖ್ಯೆಗೆ ಎರಡು ಮಾರ್ಕು.

ಮೂರನೇ ಪ್ರಶ್ನೆ, ಐದು ಮಾರ್ಕಿನದು: ಡೇಟಾ ರಿಡಂಡೆನ್ಸಿಯನ್ನು ವಿವರಿಸಿ. ಒಬ್ಬ ಹುಡುಗಿ ಚೆನ್ನಾಗಿ ಬರೆದಿದ್ದಳು. ಒಂದೇ ಅಂಕಿಯನ್ನು ನಾಲ್ಕು ಕಡೆ ಬರೆದಿಟ್ಟರೆ ಒಂದು ದಿನ ಆ ನಾಲ್ಕೂ ತಮ್ಮತಮ್ಮಲ್ಲೇ ಜಗಳ ಆಡುತ್ತವೆ, ಆಗ ಯಾರು ಸರಿ ಅಂತ ಹೇಳುವವರು ಇರುವುದಿಲ್ಲ. ಗೈಡಿನಲ್ಲಿ ಈ ಮಾತು ಇಲ್ಲ. ಸಂತೋಷದಿಂದ ಐದಕ್ಕೆ ಐದು ಕೊಟ್ಟೆ.

ಆ ಐದನ್ನು ಮೊದಲು ಉತ್ತರದ ಪಕ್ಕ ಬರೆದೆ. ಆಮೇಲೆ ಮುಖಪುಟದ ಚೌಕದಲ್ಲಿ ಬರೆದೆ. ಕೂಡಿಸಿ ಟೋಟಲನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ. ಅದನ್ನು ಅಂಕಪಟ್ಟಿಗೆ ಇಳಿಸಿದೆ. ಪಟ್ಟಿ ಹಿಡಿದುಕೊಂಡು ಕಂಪ್ಯೂಟರ್ ಕೋಣೆಗೆ ಹೋಗಿ ಜೋರಾಗಿ ಓದಿದೆ. ಒಬ್ಬ ಟೈಪ್ ಮಾಡಿದ, ಇನ್ನೊಬ್ಬ ಟಿಕ್ ಹಾಕಿದ. ಪ್ರಿಂಟ್ ತೆಗೆದರು. ಪ್ರಿಂಟಿಗೆ ಸಹಿ ಹಾಕಿದೆ.

ಮಾರನೇ ದಿನ ಅದೇ ಬಂಡಲಿನ ಒಂದು ಪೇಪರಿಗೆ ಮುಖಪುಟದಲ್ಲಿ 47, ಪಟ್ಟಿಯಲ್ಲಿ 74. ಎರಡಕ್ಕೂ ನನ್ನದೇ ಸಹಿ. ಬಿಚ್ಚಿ, ಹುಡುಕಿ, ಮತ್ತೆ ದಾರ ಕಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತು. ಜಗಳ ಬಿಡಿಸಲು ಆ ಹುಡುಗಿಯನ್ನೇ ಕರೆಸಬೇಕಿತ್ತು ಅನ್ನಿಸಿತು.

ಅದೇ ಹುಡುಗಿ ಎಕ್ಸೆಲ್ ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿಕೊಡುವ ವಿ-ಲುಕಪ್ ಸೂತ್ರವನ್ನೂ ಕೈಯಲ್ಲಿ ಬರೆದಿದ್ದಳು. ಕಾಮಾಗಳು ಜಾಗದಲ್ಲೇ ಇದ್ದವು. ಕೊನೆಯ ಬ್ರಾಕೆಟ್ ಮಾತ್ರ ಮುಚ್ಚಿರಲಿಲ್ಲ. ಕೀ ಆನ್ಸರ್ ಪ್ರಕಾರ ಬ್ರಾಕೆಟ್ಟಿಗೆ ಅರ್ಧ ಮಾರ್ಕು. ನಿಜವಾದ ಎಕ್ಸೆಲ್ಲಿನಲ್ಲಿ ಎಂಟರ್ ಒತ್ತಿದರೆ ಇಂಥ ಬ್ರಾಕೆಟ್ಟನ್ನು ಅದೇ ಮುಚ್ಚಿಕೊಳ್ಳುತ್ತದೆ. ಮೆಷಿನ್ನೇ ಕ್ಷಮಿಸಿಬಿಡುವ ತಪ್ಪು. ನಾವು ಮನುಷ್ಯರು, ಕ್ಷಮಿಸಲಿಲ್ಲ.

ನಿಮ್ಮಲ್ಲಿ ಲ್ಯಾಬ್ ಇಲ್ವಾ ಅಂತ ಕೇಳಬಹುದು. ಇದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಗರ್ಭಗುಡಿ ಥರ. ಕೀಲಿ ಅಟೆಂಡರ್ ಹತ್ತಿರ ಇರುತ್ತದೆ, ಅಟೆಂಡರ್ ಎಲ್ಲಿರುತ್ತಾನೆ ಅನ್ನುವುದು ಯಾವ ಮಾಹಿತಿ ವ್ಯವಸ್ಥೆಯಲ್ಲೂ ಇಲ್ಲ. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಕೆಳಗೆ ಬಂದ ಮೇಲೆ ಕಂಪ್ಯೂಟರುಗಳನ್ನು ಎಣಿಸಿದ್ದೇವೆ. ಆನ್ ಮಾಡಿ ನೋಡಿಲ್ಲ. ಎಣಿಸುವುದಕ್ಕೆ ಕರೆಂಟ್ ಬೇಕಾಗಿಲ್ಲವಲ್ಲ.

ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಮಾಡುವ ಟ್ಯಾಲಿ ಅನ್ನುವುದು ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಹುಡುಗರು ಬಸ್ ಹತ್ತಿ ಹೋಗಿ ನೋಡಿ ಬರಬಹುದಾದ ದೂರ. 2020ರಲ್ಲಿ ಅವರು ಟ್ಯಾಲಿ ಪ್ರೈಮ್ ತಂದರು. ನಮ್ಮ ನೋಟ್ಸಿನಲ್ಲಿ ಇನ್ನೂ ಅದರ ಹಿಂದಿನ ಇಆರ್‌ಪಿ 9 ಓಡುತ್ತಿದೆ. ಹಾಗಂತ ನೋಟ್ಸು ಬದಲಾಗಿಲ್ಲ ಅನ್ನಬೇಡಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, ಡಿಗ್ರಿ ನಾಲ್ಕು ವರ್ಷದ್ದಾಯಿತು. ಡಿಜಿಟಲ್ ಫ್ಲುಯೆನ್ಸಿ ಅಂತ ಹೊಸ ಪೇಪರ್ ಬಂತು. 2024-25ಕ್ಕೆ ಎನ್‌ಇಪಿ ಹೋಯಿತು, ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪ್ರತಿ ಸಲವೂ ನೋಟ್ಸಿನ ಮೊದಲ ಪುಟ ಹೊಸದು. ಒಳಗೆ ಫ್ಲಾಪಿ ಡಿಸ್ಕಿನ ಲಾಭ ಮತ್ತು ಮಿತಿಗಳು ಹಾಗೇ ಇವೆ.

ಪ್ರಾಕ್ಟಿಕಲ್ ರೆಕಾರ್ಡಿಗೆ ಇನ್‌ವಾಯ್ಸ್ ಪ್ರಿಂಟ್ ತೆಗೆದು ಅಂಟಿಸಬೇಕು. ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸೆಟ್ ರೆಡಿ ಸಿಗುತ್ತದೆ. ಐವತ್ತೆರಡು ರೆಕಾರ್ಡಿನಲ್ಲೂ ಅದೇ ಗಿರಾಕಿ, ಅದೇ ಹನ್ನೆರಡು ಕುರ್ಚಿ, 'ರಿಸೀವ್ಡ್' ಪದದಲ್ಲಿ ಅದೇ ಸ್ಪೆಲಿಂಗ್ ತಪ್ಪು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಒಂದೇ ಸಲ ಎಂಟ್ರಿ, ಎಲ್ಲರಿಗೂ ಬಳಕೆ. ಇಡೀ ಊರಿನಲ್ಲಿ ನನ್ನ ಪಾಠವನ್ನು ಜಾರಿಗೆ ತಂದಿರುವವನು ಆ ಅಂಗಡಿಯ ಹುಡುಗ ಒಬ್ಬನೇ.

ನನಗೆ ನಿಜಕ್ಕೂ ಬೇಜಾರಾದದ್ದು ಹತ್ತು ಮಾರ್ಕಿನ ಪ್ರಶ್ನೆಯಲ್ಲಿ. ಮಾಹಿತಿ ವ್ಯವಸ್ಥೆ ಒಂದು ಸಂಸ್ಥೆಯನ್ನು ಹೇಗೆ ಬದಲಿಸುತ್ತದೆ, ಉದಾಹರಣೆ ಸಹಿತ ವಿವರಿಸಿ. ಎಲ್ಲರೂ ವಾಲ್‌ಮಾರ್ಟ್ ಬರೆದಿದ್ದರು. ಒಬ್ಬ ಮಾತ್ರ ಅಮ್ಮ ಹಾಲು ಹಾಕುವ ಡೈರಿಯ ಬಗ್ಗೆ ಬರೆದಿದ್ದ. ಹಾಲು ಸುರಿದ ಕೂಡಲೇ ಮೆಷಿನ್ನು ಫ್ಯಾಟ್ ತೋರಿಸುತ್ತದೆ, ಚೀಟಿ ಬರುತ್ತದೆ, ದುಡ್ಡು ಅಮ್ಮನ ಖಾತೆಗೆ ಹೋಗುತ್ತದೆ. ಮೊದಲು ಅಳತೆ ಹಾಕುವವನ ಮುಖ ನೋಡಿಕೊಂಡು ನಿಲ್ಲಬೇಕಿತ್ತಂತೆ. ಅಷ್ಟಕ್ಕೇ ಬಿಡದೆ ತಾತನ ಪಹಣಿಗೂ ಹೋಗಿದ್ದ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಶಾನುಭೋಗರ ಪುಸ್ತಕದಿಂದ ಕಂಪ್ಯೂಟರಿಗೆ ಬಂದದ್ದು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಸಿಗತೊಡಗಿದ್ದು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡವನ ದರ್ಬಾರು ಇಳಿದದ್ದು. ಹೊರದೇಶದವರು ಬಂದು ಅಧ್ಯಯನ ಮಾಡಿಕೊಂಡು ಹೋದ ಸಂಗತಿ ಅದು. ಹುಡುಗ ಅದನ್ನು ತಾತನ ಪಕ್ಕ ಸಾಲಿನಲ್ಲಿ ನಿಂತು ಕಲಿತಿದ್ದ.

ಎಂಟು ಮಾರ್ಕು ಹಾಕಿದೆ. ಮುಖ್ಯ ಮೌಲ್ಯಮಾಪಕರು ಕರೆದರು.

"ಏನ್ರೀ ಇದು, ಎಮ್ಮೆ ಹಾಲಿಗೆ ಎಂಟು ಮಾರ್ಕಾ?"

"ಸಾರ್, ಉತ್ತರ ಸರಿಯಾಗಿದೆ."

"ಸರಿ ಇರಬಹುದು ಕಣ್ರೀ. ಸ್ಕೀಮಿನಲ್ಲಿ ಇಲ್ಲವಲ್ಲ."

ಎಂಟು ಎರಡಾಯಿತು. ನಾಲ್ಕೂ ಕಡೆ ತಿದ್ದಿ, ತಿದ್ದಿದಲ್ಲೆಲ್ಲ ಚಿಕ್ಕ ಸಹಿ ಹಾಕಿದೆ.

ಕೊನೆಯ ದಿನ ಸಂಭಾವನೆಯ ಬಿಲ್. ಮೂರು ಪ್ರತಿ. ಒಂದೊಂದಕ್ಕೂ ಪಾನ್ ಕಾರ್ಡ್ ಜೆರಾಕ್ಸ್, ಆಧಾರ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ, ಕ್ಯಾನ್ಸಲ್ ಮಾಡಿದ ಚೆಕ್ಕು, ಮೇಲೆ ಒಂದು ರೂಪಾಯಿ ರೆವೆನ್ಯೂ ಸ್ಟಾಂಪ್.

"ಹೋದ ಸೆಮಿಸ್ಟರಿನಲ್ಲೂ ಕೊಟ್ಟಿದ್ದೇನೆ" ಅಂದೆ.

"ಅದು ಹೋದ ಸೆಮಿಸ್ಟರಿನ ಫೈಲು ಸಾರ್. ನಿಮ್ಮ ಅಕೌಂಟ್ ನಂಬರ್ ಬದಲಾಗಿದ್ದರೆ?"

"ಬದಲಾಗಿಲ್ಲ."

"ಹಾಗಂತ ಒಂದು ಲೆಟರ್ ಬರೆದುಕೊಡಿ. ಮೂರು ಪ್ರತಿ."

ಗೇಟಿನ ಎದುರಿನ ಅಂಗಡಿಗೆ ಹೋದೆ. ಸಾಲು ಉದ್ದ ಇತ್ತು, ಎಲ್ಲಾ ನಮ್ಮ ಉಪನ್ಯಾಸಕರೇ. ನನ್ನ ಸರದಿ ಬಂದಾಗ ಪರ್ಸಿನಿಂದ ಪಾನ್ ಕಾರ್ಡ್ ತೆಗೆಯಲು ಹೋದೆ. ಹುಡುಗ ಕೈ ಅಡ್ಡ ಇಟ್ಟ.

"ಬೇಡ ಸಾರ್, ನಿಮ್ದು ಹೋದ ಸಲದ್ದೇ ಕಂಪ್ಯೂಟರಲ್ಲಿ ಇದೆ. ಎಷ್ಟು ಸೆಟ್ ಕೊಡ್ಲಿ?"