"ನಮ್ಮಲ್ಲಿ ಎಲ್ಲರೂ ಒಂದೇ" ಅಂದರು

ಈಗಷ್ಟೇ ಡೊಂಬಿವಲಿಗೆ ವಾಪಸ್ ಬಂದೆ. ಚಪ್ಪಲಿ ಬಿಟ್ಟವಳೇ ಬರೆಯಲು ಕೂತಿದ್ದೇನೆ. ಹೊಟ್ಟೆ ಉರಿಯುತ್ತಿದೆ.

ಮಗನಿಗೆ ಡಿಗ್ರಿ ಕಾಲೇಜು ಹುಡುಕುತ್ತಿರುವುದು ನಿಮಗೆಲ್ಲ ಗೊತ್ತು. ಅವನಿಗೆ ಆಟಿಸಂ ಇರುವುದೂ ಗೊತ್ತು. ಇತಿಹಾಸದಲ್ಲಿ ಬಿ.ಎ. ಮಾಡಬೇಕು ಅನ್ನುವುದು ಅವನ ಹಟ. ಇವತ್ತು ಮುಂಬೈನ ಮುಲುಂಡ್ ಕಡೆ ಹೋಗಿದ್ದೆವು, ಇದು ಮೂರನೇ ಕಾಲೇಜು. ಆಫೀಸಿನವರು ಚೆನ್ನಾಗಿಯೇ ಮಾತಾಡಿಸಿದರು, ನೀರು ಕೊಟ್ಟರು. ನಾನು ಕೇಳಿದ್ದು ಇಷ್ಟೇ. ಗಲಾಟೆ ತಡೆಯಲಾಗದೆ ಹೋದರೆ ಇವನು ಹತ್ತು ನಿಮಿಷ ಎಲ್ಲಿ ಕೂರಬಹುದು?

"ಚಿಂತೆ ಬಿಡಿ ಮೇಡಂ. ನಮ್ಮಲ್ಲಿ ಎಲ್ಲರೂ ಒಂದೇ. ಯಾರಿಗೂ ಭೇದ ಮಾಡಲ್ಲ" ಅಂದರು.

ಅಷ್ಟರಲ್ಲಿ ತಲೆಯ ಮೇಲೇ ಬೆಲ್ ಹೊಡೆಯಿತು. ಮಗ ಎರಡೂ ಕಿವಿ ಮುಚ್ಚಿ ಗೋಡೆ ಕಡೆ ತಿರುಗಿದ. "ಪುಢೀಲ್ ಸ್ಟೇಷನ್ ಕೋಪರ್. ಪುಢೀಲ್ ಸ್ಟೇಷನ್ ದಿವಾ. ಪುಢೀಲ್ ಸ್ಟೇಷನ್ ಮುಂಬ್ರಾ." ಸ್ಲೋ ಲೋಕಲ್‌ನಲ್ಲಿ ಮರಾಠಿಯಲ್ಲಿ ಕೇಳಿದ "ಮುಂದಿನ ಸ್ಟೇಷನ್" ಅನ್ನುವುದನ್ನೆಲ್ಲ ಮುಲುಂಡ್ ತನಕ ಹೇಳಿ ಮುಗಿಸಿದರೆ ತಾನಾಗಿಯೇ ಸಮಾಧಾನ ಆಗುತ್ತಾನೆ. ಕಳ್ವಾ ತನಕ ಬಂದಿದ್ದ. ಆ ಸಾಹೇಬರು ಭುಜ ಹಿಡಿದು ಅಲ್ಲಾಡಿಸಿ "ಏನಾಯ್ತಪ್ಪಾ?" ಅಂದರು. ಮತ್ತೆ ಕೋಪರ್‌ನಿಂದ ಶುರು.

ಮೂರು ಕಾಲೇಜಿನಲ್ಲೂ ಇದೇ ಮಾತು. ಎಲ್ಲರೂ ಒಂದೇ ಅಂತೆ. ಅಲ್ಲ! ನನಗೆ ಕೇಳಿದ ಬೆಲ್ ಬೇರೆ, ಅವನಿಗೆ ಕೇಳಿದ ಬೆಲ್ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಇದ್ದರೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕಡಿಮೆ ಅಂದರೂ ಶೇಕಡಾ 5 ಸೀಟು ಇಂಥ ಮಕ್ಕಳಿಗೆ ಇಡಬೇಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎಲ್ಲ ಅದೇ ಕಾಯ್ದೆಯಲ್ಲಿದೆ. ಎಲ್ಲರೂ ಒಂದೇ ಆಗಿದ್ದರೆ ಇದೆಲ್ಲ ಯಾಕೆ ಬೇಕಿತ್ತು? ಕೇಳಿದರೆ "ರ‍್ಯಾಂಪ್ ಇದೆ, ಲಿಫ್ಟ್ ಇದೆ" ಅಂದರು. ಅದು ಖಂಡಿತ ಬೇಕು. ಆದರೆ ನನ್ನ ಮಗ ಮೆಟ್ಟಿಲು ಹತ್ತುತ್ತಾನೆ. ಅವನಿಗೆ ಬೇಕಾದದ್ದು ಬೇರೆ.

ರೈಲಿನಿಂದಲೇ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕ, ಒಂದು ಕ್ಲಾಸಿಗೆ ನೂರಿಪ್ಪತ್ತು ಮಕ್ಕಳಿರುತ್ತಾರೆ. ಮೇಷ್ಟ್ರು ಒಬ್ಬನನ್ನೇ ನೋಡಿಕೊಂಡು ಕೂರೋಕಾಗುತ್ತಾ?" ಅಂದ. ನೋಡಿಕೊಂಡು ಕೂರಿ ಅಂತ ಯಾರು ಹೇಳಿದರು? ಬಾಗಿಲ ಪಕ್ಕ ಒಂದು ಬೆಂಚು ಕೊಡಲಿ. ರೂಮ್ ಬದಲಾಗುವುದಿದ್ದರೆ ಹಿಂದಿನ ದಿನವೇ ಮೆಸೇಜ್ ಹಾಕಲಿ. ಬಾಯಲ್ಲಿ ಹೇಳಿದ ಅಸೈನ್‌ಮೆಂಟನ್ನು ಬರೆದೂ ಕೊಡಲಿ. ಏನಾದರೂ ಆದರೆ ಹೋಗಿ ಹೇಳಿಕೊಳ್ಳಲು ಅವನಿಗೆ ಪರಿಚಯ ಇರುವ ಒಬ್ಬ ಟೀಚರ್ ಇರಲಿ. ಇದಕ್ಕೆಲ್ಲ ಎಷ್ಟು ದುಡ್ಡು ಬೇಕು ಹೇಳಿ.

ಒಂದು ವಿಷಯ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಡಾಕ್ಟರ್ "ಸರ್ಟಿಫಿಕೇಟ್ ಮಾಡಿಸಿ" ಅಂದಾಗ ನಾನೂ "ನನ್ನ ಮಗ ಎಲ್ಲರ ಹಾಗೇ ಇದ್ದಾನೆ" ಅಂದುಬಿಟ್ಟಿದ್ದೆ. ನೆಂಟರು ಏನಂದಾರು ಅನ್ನುವ ಭಯ. ಗಣಿತದ ಪರೀಕ್ಷೆಯಲ್ಲಿ ಕೊನೆಯ ಎರಡು ಪ್ರಶ್ನೆ ಬಿಟ್ಟು ಬಂದ. "ಉತ್ತರ ಗೊತ್ತಿತ್ತಮ್ಮ, ಟೈಮ್ ಮುಗಿದುಹೋಯ್ತು" ಅಂದ. ನೆನೆಸಿಕೊಂಡರೆ ಈಗಲೂ ಊಟ ಸೇರುವುದಿಲ್ಲ. ಸರ್ಟಿಫಿಕೇಟ್ ಮಾಡಿಸಿದ್ದು ಅದಾದ ಮೇಲೆ.

ಎರಡನೇ ಕಾಲೇಜಿನ ಆಫೀಸಿನಲ್ಲೂ ಹೇಳಿದ್ದು ಅದೇ ಮಾತು. ಆದರೆ ಅಲ್ಲಿ ಲೈಬ್ರರಿಯಲ್ಲಿ ಒಬ್ಬರು ಹೆಂಗಸು ಇದ್ದರು. ನನ್ನನ್ನಲ್ಲ, ಅವನನ್ನೇ ಕೇಳಿದರು, "ಯಾವ ಸದ್ದು ನಿನಗೆ ಆಗಲ್ಲ?" ಅಂತ. "ಬೆಲ್. ಕುರ್ಚಿ ಎಳೆಯೋದು" ಅಂದ. ಅವರು ಮುಖ ನೋಡು ಅಂತ ಒತ್ತಾಯ ಮಾಡಲಿಲ್ಲ. ಒಂದು ಚೀಟಿಯ ಹಿಂದೆ ಬಾಗಿಲು, ಕಪಾಟು, ಕಿಟಕಿ ಬರೆದು, ಮೂಲೆಯಲ್ಲೊಂದು ಗುರುತು ಹಾಕಿ ಕೊಟ್ಟರು. "ಇಲ್ಲಿ ಯಾರೂ ಬರಲ್ಲ, ಕೂತ್ಕೋ."

ಆ ಕಾಲೇಜಿಗೆ ದೊಡ್ಡ ಹೆಸರೇನೂ ಇಲ್ಲ. ಚೀಟಿ ಇನ್ನೂ ಅವನ ಜೇಬಿನಲ್ಲಿದೆ, ಬಟ್ಟೆ ಒಗೆಯಲು ಹಾಕುವ ಮೊದಲು ತಾನೇ ತೆಗೆದಿಟ್ಟುಕೊಳ್ಳುತ್ತಾನೆ. ನಾಳೆ ಅಲ್ಲೇ ಫಾರಂ ತುಂಬುತ್ತೇವೆ.